ನೆರೆಯಲ್ಲಿ ಮುಳುಗಿದ ಮಗ್ಗವೂ ಫ್ಯಾಶನ್ ಲೋಕವೂ

(ರಕ್ಷಕರ ಸಮ್ಮೇಳನದಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಆಮಂತ್ರಣ ಪತ್ರಿಕೆಯಲ್ಲಿ ಓದಿ ತಮ್ಮಲ್ಲಿ ಕೆಲವರು ನಕ್ಕಿರಲೂಬಹುದು. ಶಾಲೆಯ ಮಾಸ್ತರನಿಗೂ ಫ್ಯಾಶನ್ನಿಗೂ ಎತ್ತಣಿಂದೆತ್ತಣ ಸಂಬಂಧ? ನಮ್ಮ ಊರುಗಳಲ್ಲಿ ಆ ಶಬ್ದವನ್ನು ಬಳಸುವುದೇ ಬೈಗುಳಕ್ಕೆ. ಮಗನು ಹರಿದ ಷರಾಯಿಯನ್ನು ತೊಟ್ಟು ಬಂದರೆ ‘ಇದೇನೋ ನಿನ್ನ ಫ್ಯಾಶನ್’ ಎಂದು ಗದರುತ್ತೇವೆ. ಆ ಗದರಿಕೆಯು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ ಶಬ್ದದ ಹಿಂದೆ ಒಂದು ದೊಡ್ಡ ವ್ಯಾಪಾರವಿದೆ. ಹತ್ತಿಯನ್ನು ಬೆಳೆಯುವವನು, ನೂಲನ್ನು ತೆಗೆಯುವವನು, ಬಣ್ಣವನ್ನು ಹಾಕುವವನು, ನೇಯುವವಳು, ಹೊಲಿಯುವವಳು, ಅಂಗಡಿಯಲ್ಲಿ ಮಡಿಸಿಟ್ಟು ಮಾರುವವನು ಇವರೆಲ್ಲರೂ ಆ ವ್ಯಾಪಾರದ ನೆರಳಿನಲ್ಲಿಯೇ ಬಾಳುವವರು. ಮಳೆಯೋ ಭೂಕಂಪವೋ ಬಂದು ಈ ಸಾಲಿನ ಬಡ ತುದಿಯಲ್ಲಿರುವವರ ಬದುಕು ಮುರಿದಾಗ ಸಾಲಿನ ಮತ್ತೊಂದು ತುದಿಯಲ್ಲಿರುವ ಸಿರಿವಂತ ವ್ಯಾಪಾರವು ಏನು ಮಾಡಿತು, ಏನನ್ನು ಮಾಡದೆ ಹೋಯಿತು ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ.

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ನಮ್ಮದೇ ರಾಜ್ಯದ ಎರ್ನಾಕುಳಂ ಜಿಲ್ಲೆಯಲ್ಲಿ, ಪರವೂರಿನ ಬಳಿ, ಚೇಂದಮಂಗಲವೆಂಬ ಊರಿದೆ. ಪೆರಿಯಾರ್ ನದಿಯ ಕವಲುಗಳೂ ಹಿನ್ನೀರೂ ಸುತ್ತುವರಿದ ತಗ್ಗಿನ ನೆಲ. ಕೊಚ್ಚಿಯ ಅರಸರಿಗೆ ವಂಶಪಾರಂಪರ್ಯವಾಗಿ ಮಂತ್ರಿಗಳಾಗಿದ್ದ ಪಾಲಿಯಂ ಮನೆತನದ ಊರು ಅದು. ಆ ಮನೆತನದವರಿಗಾಗಿ ನಯವಾದ ಮುಂಡುಗಳನ್ನು ನೇಯಲೆಂದು ಹಿಂದೆ ದೇವಾಂಗ ಚೆಟ್ಟಿಯಾರರನ್ನು ಕರೆತಂದು ನೆಲೆಗೊಳಿಸಿದರೆಂದು ಹೇಳುತ್ತಾರೆ. ಮಕ್ಕಳೇ, ಇಲ್ಲಿ ಒಂದು ಮಾತನ್ನು ನೆನಪಿಟ್ಟುಕೊಳ್ಳಿರಿ. ತೃಶ್ಶೂರು ಜಿಲ್ಲೆಯ ಕುತ್ತಾಂಪುಳ್ಳಿಯೆಂಬ ಇನ್ನೊಂದು ನೇಕಾರರ ಊರಿನಲ್ಲಿಯೂ ಇದೇ ದೇವಾಂಗರಿದ್ದಾರೆ. ಅವರ ಮನೆಮಾತು ಇಂದಿಗೂ ಕನ್ನಡದ ಒಂದು ರೂಪವೇ. ಅವರ ಕುಲದೇವತೆ ಚೌಡೇಶ್ವರಿ. ಗಡಿಯ ಈಚೆಗೆ ಕನ್ನಡವನ್ನು ಹೊತ್ತು ತಂದವರಲ್ಲಿ ಪಂಡಿತರೂ ಪುರೋಹಿತರೂ ಮಾತ್ರವೇ ಇದ್ದರೆಂದು ತಿಳಿಯಬಾರದು, ಲಾಳಿಯನ್ನು ಹಿಡಿದವರೂ ಇದ್ದರು. ಇಂದು ಚೇಂದಮಂಗಲದಲ್ಲಿ ಬೇರೆ ಬೇರೆ ಜಾತಿಗಳವರು ನೇಯುತ್ತಾರೆ, ಹೆಚ್ಚಿನವರು ಹೆಂಗಸರು, ನಡುವಯಸ್ಸನ್ನು ದಾಟಿದವರು. ಅಲ್ಲಿಯ ಮುಂಡುಗಳಿಗೆ, ನಮ್ಮ ಕಾಸರಗೋಡು ಸೀರೆಗೆ ದೊರೆತಂತೆಯೇ, ಭೌಗೋಲಿಕ ಗುರುತಿನ ಕಾನೂನು ರಕ್ಷಣೆಯೂ ದೊರೆತಿದೆ.

2018ನೆಯ ಇಸವಿಯ ಆಗಸ್ಟ್ ತಿಂಗಳನ್ನು ತಾವು ಯಾರೂ ಮರೆತಿರಲಾರಿರಿ. ಆ ತಿಂಗಳ 9ರಂದು ಇಡುಕ್ಕಿ ಜಲಾಶಯದ ಚೆರುತೋಣಿ ಅಣೆಕಟ್ಟಿನ ಬಾಗಿಲುಗಳನ್ನು 26 ವರ್ಷಗಳ ಬಳಿಕ ತೆರೆಯಬೇಕಾಯಿತು. 15, 16ರ ಹೊತ್ತಿಗೆ ಪೆರಿಯಾರ್ ಎರಡು ದಡಗಳನ್ನೂ ನುಂಗಿತು. ರಾಜ್ಯದಲ್ಲಿ ಸತ್ತವರು 480ಕ್ಕೂ ಮಿಕ್ಕಿ. ಹಳಬರು ಹೇಳುತ್ತಿದ್ದ 1924ರ ನೆರೆಯ ಕಥೆಯನ್ನು ನಾವು ಕಣ್ಣಾರೆ ಕಂಡಂತಾಯಿತು. ಚೇಂದಮಂಗಲದಲ್ಲಿ ನೀರು ಮನೆಗಳನ್ನೂ ಮಗ್ಗದ ಕೊಟ್ಟಿಗೆಗಳನ್ನೂ ಸಹಕಾರ ಸಂಘಗಳ ಉಗ್ರಾಣಗಳನ್ನೂ ಹೊಕ್ಕಿತು. ಇಳಿದ ಮೇಲೆ ಉಳಿದುದು ಕೆಸರು. ಮಗ್ಗದ ಮರ ಉಬ್ಬಿತು, ಕಬ್ಬಿಣ ತುಕ್ಕು ಹಿಡಿಯಿತು, ಹಾಸಿಗೆ ಕಟ್ಟಿದ್ದ ನೂಲು ಕೊಳೆಯಿತು.

ಈ ನಷ್ಟದ ಬಗೆಯನ್ನು ತಿಳಿಯಬೇಕಾದರೆ ನೇಕಾರರ ವರ್ಷದ ಲೆಕ್ಕವನ್ನು ಸ್ವಲ್ಪ ನೋಡಬೇಕು. ಸಂಘವು ನೂಲನ್ನು ಕೊಡುತ್ತದೆ. ನೇಯುವವಳು ಮನೆಯಲ್ಲಿಯೋ ಸಂಘದ ಕೊಟ್ಟಿಗೆಯಲ್ಲಿಯೋ ನೇಯ್ದು, ಬಟ್ಟೆಯ ಲೆಕ್ಕದಲ್ಲಿ ಕೂಲಿಯನ್ನು ಪಡೆಯುತ್ತಾಳೆ. ಬಟ್ಟೆ ಮಾರಿದ ಮೇಲೆ ಸಂಘದ ಕೈಗೆ ಹಣ ಬರುತ್ತದೆ. ಅದು ಮಾರಾಟವಾಗುವುದು ಯಾವಾಗ? ಕಸವಿನ ಅಂಚಿನ ಬಿಳಿಯ ಮುಂಡನ್ನು ಮಲಯಾಳಿಗಳು ವರ್ಷವಿಡೀ ಕೊಳ್ಳುವುದಿಲ್ಲ. ವರ್ಷದ ದೊಡ್ಡ ವ್ಯಾಪಾರವು ಓಣಂ ಹಬ್ಬದ ಮುಂಚಿನ ಕೆಲವೇ ವಾರಗಳಲ್ಲಿ. ಆ ವರ್ಷ ತಿರುವೋಣವು ಆಗಸ್ಟ್ 25ಕ್ಕೆ. ನೆರೆ ಬಂದುದು ಅದಕ್ಕೆ ಹತ್ತು ದಿನ ಮೊದಲು, ಎಂದರೆ ಉಗ್ರಾಣವು ತುಂಬಿ ತುಳುಕುತ್ತಿದ್ದ ಗಳಿಗೆಯಲ್ಲಿ. ತೆನೆ ಬಲಿತ ಗದ್ದೆಗೆ ಆನೆಯ ಹಿಂಡು ನುಗ್ಗಿದರೆ ಹೇಗೋ ಹಾಗೆ. ಕರಿಂಪಾಡಂ ಎಂಬ ಒಂದೇ ಸಂಘದಲ್ಲಿ ಸುಮಾರು 21 ಲಕ್ಷ ರೂಪಾಯಿಗಳ ಸಿದ್ಧ ಬಟ್ಟೆ ಹಾಳಾಯಿತೆಂದು ಪತ್ರಿಕೆಗಳು ಬರೆದವು. ಹಬ್ಬದ ಸರ್ಕಾರಿ ಉತ್ಸವಗಳನ್ನೂ ಆ ವರ್ಷ ರದ್ದುಪಡಿಸಿದರು. ಬಟ್ಟೆಯೂ ಹೋಯಿತು, ಬಟ್ಟೆಯನ್ನು ಕೊಳ್ಳುವ ಕಾಲವೂ ಹೋಯಿತು.

ದಾನವೇನೋ ಹರಿದು ಬಂದಿತು. ಅಕ್ಕಿ, ಹೊದಿಕೆ, ಪಾತ್ರೆ, ಔಷಧಿ ಇವುಗಳನ್ನು ಕಳುಹಿಸಿದ ಕೈಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಹಸಿದವನಿಗೆ ಮೊದಲು ಅನ್ನ. ಆದರೆ ಅನ್ನದ ಚೀಲವು ಒಂದು ತಿಂಗಳಲ್ಲಿ ಮುಗಿಯುತ್ತದೆ. ಮಗ್ಗವು ನಿಂತೇ ಇದ್ದರೆ ಎರಡನೆಯ ತಿಂಗಳು ನೇಕಾರಳು ಇನ್ನೊಬ್ಬರ ಮನೆಯ ಮುಸುರೆ ತಿಕ್ಕಲು ಹೋಗುತ್ತಾಳೆ. ಮೂರನೆಯ ತಿಂಗಳಿಗೆ ಆ ಕೆಲಸವೇ ಅಭ್ಯಾಸವಾಗುತ್ತದೆ. ಮತ್ತೆ ಮಗ್ಗದ ಮುಂದೆ ಕುಳಿತುಕೊಳ್ಳಲು ಮನಸ್ಸು ಬಾರದು. ಊರಿನ ಕಸುಬೊಂದು ಸಾಯುವುದು ನೀರಿನಲ್ಲಿ ಅಲ್ಲ, ನೀರು ಇಳಿದ ಮೇಲಿನ ಆರು ತಿಂಗಳುಗಳಲ್ಲಿ. ಆ ಆರು ತಿಂಗಳಲ್ಲಿ ಬೇಕಾದುದು ಕೆಲಸ, ಕೆಲಸಕ್ಕೆ ಮುಂಗಡ, ನೇಯ್ದುದನ್ನು ಕೊಳ್ಳುವ ಗಿರಾಕಿ.

ಇಲ್ಲಿಯೇ ಉಡುಗೆಯ ವ್ಯಾಪಾರವನ್ನು ಬಲ್ಲ ಕೆಲವರು ಮುಂದೆ ಬಂದರು. ಎಲ್ಲರಿಗೂ ತಿಳಿದಿರುವುದು ಚೇಕುಟ್ಟಿಯೆಂಬ ಗೊಂಬೆಯ ಕಥೆ. ವಿನ್ಯಾಸಕಾರ್ತಿ ಲಕ್ಷ್ಮೀ ಮೆನನ್, ಪ್ರವಾಸೋದ್ಯಮದಲ್ಲಿದ್ದ ಗೋಪಿನಾಥ್ ಪಾರಯಿಲ್ ಇವರಿಬ್ಬರು ಕರಿಂಪಾಡಂ ಸಂಘದ ಕೆಸರು ಮೆತ್ತಿದ ಸೀರೆ ಮುಂಡುಗಳನ್ನು ಕಂಡರು. ಸುಟ್ಟುಬಿಡುವುದೆಂದು ಸಂಘದವರು ನಿಶ್ಚಯಿಸಿದ್ದ ಬಟ್ಟೆ ಅದು. ಎಷ್ಟು ಒಗೆದರೂ ಕಲೆ ಹೋಗದು. ಕಲೆಯಿರುವ ಮುಂಡನ್ನು ಉಡುವವರಿಲ್ಲ. ಅವರು ಅದನ್ನು ಶುದ್ಧಿಗೊಳಿಸಿ, ಕುದಿಸಿ, ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ, ದಾರ ಕಟ್ಟಿ ಗೊಂಬೆಗಳನ್ನು ಮಾಡಿಸಿದರು. ಮಲಯಾಳದಲ್ಲಿ ‘ಚೇರ್’ ಎಂದರೆ ಕೆಸರು, ‘ಕುಟ್ಟಿ’ ಎಂದರೆ ಮಗು. ಊರಿನ ಹೆಸರಿನ ಮೊದಲಕ್ಷರವೂ ‘ಚೇ’ ತಾನೆ! ಕೆಸರಿನ ಕೂಸು, ಚೇಂದಮಂಗಲದ ಕೂಸು ಎಂದು ಎರಡೂ ಅರ್ಥ ಬರುತ್ತದೆ. ಮುಖದ ಮೇಲಿನ ಕಲೆಯನ್ನು ಮುಚ್ಚಲಿಲ್ಲ. ಆ ಕಲೆಯೇ ಗೊಂಬೆಯ ಗುರುತು.

ಐದನೆಯ ತರಗತಿಯ ಮಕ್ಕಳೇ, ಈಗ ಒಂದು ಲೆಕ್ಕ ಮಾಡಿರಿ. 1,300 ರೂಪಾಯಿಗಳ ಆಸುಪಾಸಿಗೆ ಮಾರಾಟವಾಗಬೇಕಾಗಿದ್ದ ಒಂದು ಸೀರೆಯಿಂದ 360 ಗೊಂಬೆಗಳಾಗುತ್ತವೆ. ಗೊಂಬೆಯೊಂದಕ್ಕೆ 25 ರೂಪಾಯಿ. ಒಟ್ಟು ಎಷ್ಟಾಯಿತು? 9,000 ರೂಪಾಯಿ. ಸುಡಬೇಕೆಂದಿದ್ದ ಬಟ್ಟೆಗೆ, ಒಳ್ಳೆಯ ಬಟ್ಟೆಗಿಂತ ಏಳು ಪಾಲಿನಷ್ಟು ಬೆಲೆ! ಗೊಂಬೆ ಕಟ್ಟಿದವರು ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು, ಕಚೇರಿಗಳ ನೌಕರರು, ಗೃಹಿಣಿಯರು, ಕೂಲಿಯಿಲ್ಲದೆ ಕುಳಿತು ಕಟ್ಟಿದವರು. ಹಣವು ಸಂಘಕ್ಕೆ ಹೋಯಿತು.

ಇದನ್ನು ಕೇಳಿ ಚಪ್ಪಾಳೆ ತಟ್ಟುವುದು ಸುಲಭ. ಆದರೆ ಲೆಕ್ಕದ ಮಾಸ್ತರನಾಗಿ ನಾನು ಒಂದು ಮಾತನ್ನು ಕೂಡಿಸಲೇಬೇಕು. 25 ರೂಪಾಯಿ ಕೊಟ್ಟವನು ಗೊಂಬೆಯನ್ನು ಕೊಂಡನೇ ಹೊರತು ಬಟ್ಟೆಯನ್ನಲ್ಲ. ಅವನು ಮುಂದಿನ ವರ್ಷವೂ 360 ಗೊಂಬೆಗಳನ್ನು ಕೊಳ್ಳಲಾರ. ಕೆಸರಿನ ಬಟ್ಟೆ ಮುಗಿದರೆ ಕೆಸರಿನ ಕೂಸುಗಳೂ ಮುಗಿದವು. ಹೊಸ ಬಟ್ಟೆಯನ್ನು ಕೆಸರಿನಲ್ಲಿ ಅದ್ದಿ ಗೊಂಬೆ ಮಾಡುವುದುಂಟೇ? ಗೊಂಬೆಯಿಂದಾದ ದೊಡ್ಡ ಉಪಕಾರವು ಹಣಕ್ಕಿಂತಲೂ ಹೆಚ್ಚಿನದೆಂದು ನನಗೆ ತೋರುತ್ತದೆ. ಚೇಂದಮಂಗಲವೆಂಬ ಹೆಸರನ್ನೇ ಕೇಳದವರು ಆ ಹೆಸರನ್ನು ಕಲಿತರು. ಸುಡಲು ರಾಶಿ ಹಾಕಿದ ಬಟ್ಟೆಯ ಮುಂದೆ ಕುಳಿತಿದ್ದ ಹೆಂಗಸಿಗೆ ಇದು ಕಸವಲ್ಲವೆಂದು ಯಾರೋ ಹೇಳಿದಂತಾಯಿತು.

ಮಗ್ಗವನ್ನು ಮತ್ತೆ ನಡೆಸುವ ಕೆಲಸ ಇದಕ್ಕಿಂತ ನಿಧಾನದ್ದು, ಸದ್ದಿಲ್ಲದ್ದು. ಕೊಚ್ಚಿಯಲ್ಲಿ ರಮೇಶ್ ಮೆನನ್ ಎಂಬವರು ‘ಸೇವ್ ದ ಲೂಮ್’ ಎಂಬ ಹೆಸರಿನಲ್ಲಿ ಕೆಲಸವನ್ನು ಆರಂಭಿಸಿದರು. ಮಗ್ಗಗಳ ದುರಸ್ತಿ, ನೂಲಿನ ಪೂರೈಕೆ, ಅದರೊಡನೆ ಗಿರಾಕಿಯ ಹುಡುಕಾಟ. ಕೊಚ್ಚಿಯವರೇ ಆದ ವಿನ್ಯಾಸಕಾರ ಶ್ರೀಜಿತ್ ಜೀವನ್ ಚೇಂದಮಂಗಲದ ನೇಕಾರರೊಡನೆ ಸೇರಿ ಹೊಸ ಬಗೆಯ ಬಟ್ಟೆಗಳನ್ನು ನೇಯಿಸಿ 2019ರಲ್ಲಿ ಮುಂಬಯಿಯ ಲ್ಯಾಕ್ಮೆ ಫ್ಯಾಶನ್ ವೀಕಿನಲ್ಲಿ ಪ್ರದರ್ಶಿಸಿದರು. ಇವರೆಲ್ಲ ಕಂಡುಕೊಂಡ ಮರ್ಮ ಒಂದೇ. ನೆರೆಯು ನೇಕಾರರನ್ನು ಅಷ್ಟು ಆಳವಾಗಿ ಗಾಯಗೊಳಿಸಿದ್ದಕ್ಕೆ ಕಾರಣ ನೀರು ಮಾತ್ರವಲ್ಲ, ಒಂದೇ ಹಬ್ಬ, ಒಂದೇ ಬಿಳಿ ಬಣ್ಣ, ಒಂದೇ ಬಗೆಯ ಗಿರಾಕಿ ಇವುಗಳನ್ನೇ ನೆಚ್ಚಿಕೊಂಡ ವ್ಯಾಪಾರ. ಒಂದೇ ಬೆಳೆಯನ್ನು ನಂಬಿದ ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ! ಆದುದರಿಂದ ಬಿಳಿಯ ಮುಂಡಿನ ಜೊತೆಗೆ ಬಣ್ಣದ ಸೀರೆ, ಅಂಗಿಯ ಬಟ್ಟೆ, ದಿನನಿತ್ಯ ಉಡುವ ಬಟ್ಟೆ ಬಂದುವು. ಮಹಿಳಾ ವಕೀಲರು ನ್ಯಾಯಾಲಯಕ್ಕೆ ಉಟ್ಟು ಹೋಗುವ ಕಪ್ಪು ಬಿಳುಪಿನ ಉಡುಪನ್ನೂ ಕೈಮಗ್ಗದಲ್ಲಿ ನೇಯಿಸಲು ‘ಸೇವ್ ದ ಲೂಮ್’ನವರು ತೊಡಗಿದರು. ನ್ಯಾಯಾಲಯವು ಓಣಂ ಹಬ್ಬಕ್ಕೆ ಕಾಯುವುದಿಲ್ಲವಷ್ಟೆ.

ಇದಕ್ಕೂ ಹಳೆಯ, ಹೆಚ್ಚು ಪಕ್ವವಾದ ಉದಾಹರಣೆಯೊಂದು ನಮ್ಮ ದೇಶದಲ್ಲಿಯೇ ಉಂಟು. ಭೂಪಟದಲ್ಲಿ ಪಶ್ಚಿಮದ ತುದಿಯ ಕಚ್ಛ ಪ್ರದೇಶವನ್ನು ನೋಡಿರಿ. 2001ನೆಯ ಇಸವಿಯ ಜನವರಿ 26ರ ಬೆಳಗ್ಗೆ, ಮಕ್ಕಳು ಗಣರಾಜ್ಯೋತ್ಸವವನ್ನು ಆಚರಿಸುತ್ತಿದ್ದ ಹೊತ್ತಿಗೆ, ಅಲ್ಲಿ ಭೂಮಿ ನಡುಗಿ ಸಾವಿರಾರು ಜನರು ಸತ್ತರು. ಅಲ್ಲಿ ಧಮಡಕಾ ಎಂಬ ಊರಿನ ಖತ್ರಿ ಮನೆತನಗಳವರು ಮರದ ಅಚ್ಚುಗಳಿಂದ ‘ಅಜ್ರಖ್’ ಎಂಬ ನೀಲಿ ಕೆಂಪು ಬಟ್ಟೆಯನ್ನು ಮುದ್ರಿಸುತ್ತಾರೆ. ಮನೆ ಬಿದ್ದುದು ಒಂದು ಕಷ್ಟ. ನೀರು ಕೆಟ್ಟುದು ಇನ್ನೊಂದು. ಭೂಕಂಪದ ಅನಂತರ ಅಂತರ್ಜಲದಲ್ಲಿ ಕಬ್ಬಿಣದ ಅಂಶ ಹೆಚ್ಚಾಯಿತು. ಕಬ್ಬಿಣವಿದ್ದರೇನು ಎನ್ನುವಿರಾ? ಅಜ್ರಖ್ ಬಟ್ಟೆಗೆ ಮೊದಲು ಅಳಲೆಕಾಯಿಯ ರಸವನ್ನು ಹಾಕುತ್ತಾರೆ. ಅಳಲೆಕಾಯಿಗೆ ಕಬ್ಬಿಣವು ಸೇರಿದರೆ ಕಪ್ಪಾಗುತ್ತದೆ. ನಮ್ಮ ಅಜ್ಜಂದಿರು ಮಸಿಯನ್ನು ಮಾಡಿಕೊಳ್ಳುತ್ತಿದ್ದುದು ಹೀಗೆಯೇ. ಮಸಿಗೆ ಒಳ್ಳೆಯದಾದ ಆ ಗುಣವು ಕೆಂಪು ಬಣ್ಣಕ್ಕೆ ಶತ್ರು. ಒಳ್ಳೆಯ ನೀರನ್ನು ಹುಡುಕಿಕೊಂಡು ಅನೇಕ ಮನೆಗಳವರು ಭುಜ್ ಪಟ್ಟಣದ ಬಳಿ ಹೊಸ ಊರನ್ನೇ ಕಟ್ಟಿದರು. ಅದಕ್ಕೆ ಇಟ್ಟ ಹೆಸರು ಅಜ್ರಖ್‌ಪುರ. ಕಸುಬಿನ ಹೆಸರನ್ನೇ ಊರಿಗೆ ಇಟ್ಟುಕೊಂಡ ಆ ಅಭಿಮಾನವು ನನಗೆ ಬಹಳ ಹಿಡಿಸಿತು. ಈ ಕೆಲಸದಲ್ಲಿ ಮುಂದಾಳಾಗಿದ್ದ ಇಸ್ಮಾಯಿಲ್ ಖತ್ರಿಯವರಿಗೆ ಇಂಗ್ಲೆಂಡಿನ ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನು ಕೊಟ್ಟಿತು.

ಈ ಹೊಸ ಊರು ನಿಂತದ್ದು ದಾನದಿಂದ ಮಾತ್ರವಲ್ಲ. ನಗರಗಳ ಉಡುಗೆಯ ವ್ಯಾಪಾರಿಗಳೂ ಹೊರದೇಶದ ಗಿರಾಕಿಗಳೂ ಬಟ್ಟೆಯನ್ನು ಕೇಳುತ್ತಲೇ ಇದ್ದರು. ಮುಂದೆ 2005ರಲ್ಲಿ ಕಲಾ ರಕ್ಷಾ ಸಂಸ್ಥೆಯವರು ಕುಶಲಕರ್ಮಿಗಳಿಗಾಗಿಯೇ ವಿನ್ಯಾಸ ವಿದ್ಯಾಲಯವೊಂದನ್ನು ತೆರೆದರು. ಶಿಕ್ಷಕನಾದ ನನಗೆ ಇಡೀ ವಿಷಯದಲ್ಲಿ ಅತ್ಯಂತ ರುಚಿಸಿದುದು ಇದೇ. ಅಲ್ಲಿಯವರೆಗೆ ನಗರದ ವಿನ್ಯಾಸಕಾರನು ಚಿತ್ರವನ್ನು ಬರೆದು ಕೊಡುವುದು, ಹಳ್ಳಿಯವನು ಅದರಂತೆ ಕೈ ಆಡಿಸುವುದು. ಹೆಸರು ಒಬ್ಬನದು, ಬೆವರು ಇನ್ನೊಬ್ಬನದು. ಈ ವಿದ್ಯಾಲಯದಲ್ಲಿ ನೇಕಾರನೂ ಮುದ್ರಣಕಾರನೂ ಕಸೂತಿಯ ಹೆಂಗಸೂ ವಿದ್ಯಾರ್ಥಿಗಳಾಗಿ ಕುಳಿತು, ತಮ್ಮ ಬಟ್ಟೆಗೆ ತಾವೇ ಹೊಸ ರೂಪವನ್ನು ಯೋಚಿಸಲು ಕಲಿತರು. ಬೇರೆಯವರು ತಂದು ಕೊಟ್ಟ ಕೆಲಸವು ಅವರು ಹೋದಾಗ ಹೋಗುತ್ತದೆ, ಕಲಿತ ವಿದ್ಯೆಯು ಹೋಗದು.

ಇನ್ನು ದೂರುಗಳು. ಅವುಗಳನ್ನು ಮುಚ್ಚಿಟ್ಟು ತಮ್ಮ ಮುಂದೆ ಬರೀ ಹೊಗಳಿಕೆಯನ್ನು ಇಡಲಾರೆ. ಫ್ಯಾಶನ್ ಲೋಕದ ಕಣ್ಣು ಎಲ್ಲ ಕಡೆಗೂ ಒಂದೇ ಸಮನಾಗಿ ಹರಿಯುವುದಿಲ್ಲ. ಚೇಂದಮಂಗಲವು ಕೊಚ್ಚಿಗೆ ಹತ್ತಿರ. ವಿನ್ಯಾಸಕಾರರೂ ಪತ್ರಿಕೆಯವರೂ ಬೆಳಗ್ಗೆ ಹೊರಟು ಸಂಜೆಗೆ ಹಿಂದಿರುಗಬಹುದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯು ಉಕ್ಕಿ ಬೆಳಗಾವಿ ಜಿಲ್ಲೆಯ ರಾಮದುರ್ಗದ ನೇಕಾರರ ಮನೆಗಳನ್ನು ಹೊಕ್ಕಾಗ ಆ ಮಗ್ಗಗಳ ಹೆಸರು ನಮ್ಮ ಕಿವಿಗೆ ಎಷ್ಟು ಬಿದ್ದಿತು? ಕನ್ನಡಿಗರಾದ ನಮ್ಮ ಕಿವಿಗೇ ಬೀಳಲಿಲ್ಲ, ಮುಂಬಯಿಯವರನ್ನು ಏಕೆ ದೂರಬೇಕು? ಎರಡನೆಯದಾಗಿ, ನೈಜ ಬಟ್ಟೆಗೆ ಹೆಸರು ಬಂದೊಡನೆ ನಕಲಿಯೂ ಬರುತ್ತದೆ. ಅಜ್ರಖ್‌ನ ಚಿತ್ರಗಳನ್ನು ಯಂತ್ರದಲ್ಲಿ ಅಚ್ಚು ಹಾಕಿ ಅಗ್ಗಕ್ಕೆ ಮಾರುತ್ತಾರೆ. ವಿದ್ಯುನ್ಮಗ್ಗದ ಮುಂಡನ್ನು ಕೈಮಗ್ಗದ್ದೆಂದು ಮಾರುತ್ತಾರೆ. ಕನಿಕರದಿಂದ ಕೊಂಡವನ ಹಣವೂ ಎಷ್ಟೋ ವೇಳೆ ಮೋಸಗಾರನ ಪೆಟ್ಟಿಗೆಗೆ ಬೀಳುತ್ತದೆ. ಮೂರನೆಯ ದೂರು ಮರೆವಿನದು. ವೇದಿಕೆಯ ದೀಪಗಳು ಆರಿದ ಬಳಿಕ ಮುಂದಿನ ಋತುವಿಗೆ ಬೇರೆ ಬಟ್ಟೆ, ಬೇರೆ ಕಥೆ. 2020ರಲ್ಲಿ ಕೋವಿಡ್ ಬಂದು ಅಂಗಡಿಗಳೆಲ್ಲ ಮುಚ್ಚಿದಾಗ, ಎರಡು ವರ್ಷಗಳ ಹಿಂದೆ ಎದ್ದು ನಿಂತಿದ್ದ ಇದೇ ನೇಕಾರರು ಮತ್ತೆ ಹಬ್ಬದ ವ್ಯಾಪಾರವನ್ನು ಕಳೆದುಕೊಂಡರು.

ಹಾಗಾದರೆ ಮರೆಯದ ಗಿರಾಕಿ ಯಾರು? ಇದಕ್ಕೆ ಉತ್ತರವು ಈ ಸಭೆಯಲ್ಲಿಯೇ ಇದೆಯೆಂದರೆ ಆಶ್ಚರ್ಯಪಡಬೇಡಿರಿ. ಪ್ರತಿವರ್ಷ ತಪ್ಪದೆ ಬಟ್ಟೆ ಬೇಕಾಗುವುದು ಶಾಲೆಯ ಮಕ್ಕಳಿಗೆ. ಕೇರಳ ಸರ್ಕಾರವು 2017–18ರಲ್ಲಿ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳ ಮಕ್ಕಳಿಗೆ ಕೈಮಗ್ಗದ ಸಮವಸ್ತ್ರದ ಬಟ್ಟೆಯನ್ನು ಉಚಿತವಾಗಿ ಕೊಡುವ ಯೋಜನೆಯನ್ನು ಆರಂಭಿಸಿತು. ಆ ಬಟ್ಟೆಯನ್ನು ನೇಯುವವರಲ್ಲಿ ಚೇಂದಮಂಗಲದವರೂ ಸೇರಿದ್ದಾರೆ. ವೇದಿಕೆಯಿಲ್ಲ, ದೀಪವಿಲ್ಲ, ಛಾಯಾಚಿತ್ರವಿಲ್ಲ. ಆದರೆ ಓಣಂ ಕಳೆದ ಮೇಲೆಯೂ ಮಗ್ಗಕ್ಕೆ ಕೆಲಸವಿದೆ. ಆ ಕೂಲಿಯು ಹಲವು ಬಾರಿ ತಿಂಗಳುಗಟ್ಟಲೆ ತಡವಾಗಿ ಕೈಸೇರಿತೆಂದು ನೇಕಾರರು ದೂರಿಕೊಂಡಿದ್ದಾರೆ. ಅದು ನ್ಯಾಯವಾದ ದೂರು. ಗಿರಾಕಿಯು ಸರ್ಕಾರವೇ ಆಗಿರಲಿ, ತಿಂಗಳ ಕೊನೆಗೆ ಅಂಗಡಿಯ ಸಾಲವನ್ನು ತೀರಿಸಬೇಕಾದವಳು ನೇಯುವವಳು.

ರಕ್ಷಕರು ಹಬ್ಬಕ್ಕೆ ಬಟ್ಟೆ ಕೊಳ್ಳುವಾಗ ನೋಡಬೇಕಾದ ಎರಡು ಗುರುತುಗಳನ್ನು ಹೇಳಿಬಿಡುತ್ತೇನೆ. 2006ರಿಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಮುದ್ರೆಯ ಚೀಟಿಯುಂಟು. ಅದನ್ನು ಕೇಳಿರಿ, ಕೇಳಲು ಸಂಕೋಚ ಬೇಡ. ಬಳಿಕ ಬಟ್ಟೆಯ ಎರಡು ಅಂಚುಗಳನ್ನೂ ಬೆಳಕಿಗೆ ಹಿಡಿಯಿರಿ. ನೇಯುವಾಗ ಬಟ್ಟೆ ಒಳಕ್ಕೆ ಕುಗ್ಗದಂತೆ ಮೊಳೆಯಿರುವ ಕೋಲಿನಿಂದ ಅಗಲಿಸಿ ಹಿಡಿದಿರುತ್ತಾರೆ. ಆ ಮೊಳೆಯ ಸಣ್ಣ ಚುಚ್ಚುಗುರುತುಗಳು ಅಂಚಿನಲ್ಲಿ ಅನೇಕ ವೇಳೆ ಕಾಣುತ್ತವೆ. ಬೆಲೆ ಹೆಚ್ಚೆನಿಸಿದರೆ ಕೊಳ್ಳದಿರಿ. ಬಡವರಾದ ನಮ್ಮಲ್ಲಿ ಎಲ್ಲರೂ ಕೈಮಗ್ಗವನ್ನೇ ಉಡಬೇಕೆಂದು ಉಪದೇಶಿಸುವುದು ಸುಳ್ಳು ದೊಡ್ಡಸ್ತಿಕೆ. ಆದರೆ ಕೈಮಗ್ಗದ ಬೆಲೆಯನ್ನು ಕೊಟ್ಟು ಯಂತ್ರದ ಬಟ್ಟೆಯನ್ನು ಮನೆಗೆ ತರಬೇಡಿರಿ.

ಈ ಮೇಜಿನ ಮೇಲಿರುವ ಎರಡು ಚೇಕುಟ್ಟಿಗಳನ್ನು ಮುಂದಿನ ಸಾಲಿನ ಮಕ್ಕಳಿಗೆ ಕೊಡುತ್ತಿದ್ದೇನೆ. ಒಂದರ ಕೆನ್ನೆಯ ಕಲೆಯಂತೆ ಇನ್ನೊಂದರದು ಇಲ್ಲ, ನೋಡಿರಿ. ಕೈಯಿಂದ ಕೈಗೆ ದಾಟಿಸಿ, ಹಿಂದೆ ಕುಳಿತಿರುವ ತಾಯಂದಿರವರೆಗೂ ಮುಟ್ಟಿಸಿರಿ. ಬಟ್ಟೆಯ ವಿಷಯದಲ್ಲಿ ಅವರಿಗೆ ನನಗಿಂತ ಹೆಚ್ಚು ತಿಳಿದಿದೆ. ಪ್ರಶ್ನೆಗಳಿದ್ದರೆ ಮೊದಲು ಅವರೇ ಕೇಳಲಿ.